ಮಾಸ್ಟರ್ ತೆಗೆದರೆ ಮಾತ್ರ ದೊಡ್ಡದಾಗುವ ಕಾಲರ್

ನಮ್ಮ ಯೂನಿಫಾರ್ಮ್ ಹೊಲಿಯುವ ಘಟಕದ ಕಟಿಂಗ್ ಮಾಸ್ಟರ್‌ಗೆ ಅನುಮಾನ ಹುಟ್ಟುಗುಣ. ಕತ್ತರಿಗೂ ಬೀಗ ಹಾಕುತ್ತಾರೆ, ಆಮೇಲೆ ಬೀಗ ಎಳೆದು ನೋಡುತ್ತಾರೆ. ಯಾರಾದರೂ ಚಹಾ ಕೊಟ್ಟರೆ ಮೊದಲು ಕೊಟ್ಟವರ ಮುಖ ನೋಡುತ್ತಾರೆ. ಕೆಲಸದಲ್ಲಿ ಮಾತ್ರ ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಹೊಸ ಬಟ್ಟೆ ಬಂತು. ಅದಕ್ಕೆ ತಕ್ಕಂತೆ ಕಂಪ್ಯೂಟರಿನ ಅಳತೆಗಳನ್ನೂ ಬದಲಾಯಿಸಿದರು. ಅಂದಿನಿಂದ ಬಟ್ಟೆ ಕತ್ತರಿಸಲು ಮಾಸ್ಟರ್ ಅದರಿಂದ ತೆಗೆದ ನಮೂನೆಗಳೆಲ್ಲ ದೊಡ್ಡದಾಗಿ ಬರತೊಡಗಿದವು. ಕಾಲರ್ ಹೊಲಿಯುವವಳು ನಾನು, ಬಿಚ್ಚಿ ಬಿಚ್ಚಿ ಸಾಕಾಯಿತು. ಅದೇ ಕಂಪ್ಯೂಟರಿನಲ್ಲಿ ಅವರ ಭಾವಮೈದ ತನ್ನ ಲಾಗಿನ್‌ನಿಂದ ತೆಗೆದರೆ ಸರಿಯಾಗಿ ಬರುತ್ತಿತ್ತು. ಮಾಸ್ಟರ್ ಪ್ರೋಗ್ರಾಂ ಅಳಿಸಿ ಹೊಸದಾಗಿ ಹಾಕಿಸಿದರು. ಮತ್ತೆ ಅದೇ ಕಥೆ.

ಈ ಭಾವಮೈದ ಮಾಸ್ಟರ್ ಹೆಂಡತಿಯ ಒಬ್ಬನೇ ತಮ್ಮ. ಅವಳ ಒತ್ತಾಯಕ್ಕೆ ಮಾಸ್ಟರೇ ಕೆಲಸಕ್ಕೆ ಸೇರಿಸಿದ್ದರು. "ನನ್ನ ಕುರ್ಚಿ ಮೇಲೆ ಕಣ್ಣಿಟ್ಟಿದಾನೆ" ಎಂದು ಊಟದ ಹೊತ್ತಿನಲ್ಲಿ ನಮ್ಮೆದುರೇ ಗೊಣಗಿದರು. ಪಾಸ್‌ವರ್ಡ್ ಬದಲಾಯಿಸಿದರು, ಬಾಗಿಲ ಸಂದಿಯಲ್ಲಿ ಇಣುಕಿದರು. ಅವನು ಕೆಮ್ಮಿದರೂ ಅದರಲ್ಲೊಂದು ಮಸಲತ್ತು ಕಂಡಿತು. ಕೊನೆಗೆ ಒಡತಿಯ ಮುಂದೆ ನಿಂತು, "ಮೇಡಂ, ಅವನಿರಬೇಕು, ಇಲ್ಲಾ ನಾನಿರಬೇಕು" ಅಂದರು. ಹಳಬರನ್ನು ಬಿಡಲಾರದೆ ಮೇಡಂ ಅವನನ್ನು ಬಿಡಿಸಿದರು. ಅವನು ಊಟದ ಡಬ್ಬಿ ಎತ್ತಿಕೊಂಡು ಹೋದ. ನನಗೆ ಮೈಯೆಲ್ಲ ಉರಿಯಿತು.

ಮರುದಿನವೂ ಕಾಲರ್ ದೊಡ್ಡದೇ ಬಂತು. ಮೇಡಂ ಕಂಪ್ಯೂಟರ್ ರಿಪೇರಿಯವಳನ್ನು ಕರೆಸಿದರು.

"ಮಾಸ್ಟರ್, ಇಲ್ಲಿ ನಿಮ್ಮ ಹಳೇ ಸೆಟ್ಟಿಂಗ್ ಫೈಲ್ ಇದೆ. ತೊಳೆದ್ರೆ ಕುಗ್ತಿದ್ದ ಹಳೇ ಬಟ್ಟೆಗೆ ಅಂತ ಅಳತೆ ಹೆಚ್ಚಿಸಿ ಇಟ್ಟಿರೋದು. ನಿಮ್ಮ ಲಾಗಿನ್‌ನಲ್ಲಿ ಇದನ್ನೇ ಓದು ಅಂತ ಕಂಪ್ಯೂಟರ್‌ಗೆ ಹೇಳಿಟ್ಟಿದೆ. ಪ್ರೋಗ್ರಾಂ ಎಷ್ಟು ಸಲ ಹಾಕಿದ್ರೂ ಇದು ಹೋಗಲ್ಲ."

"ಯಾರು ಹಾಗೆ ಮಾಡಿಟ್ಟೋರು?" ಮಾಸ್ಟರ್ ಕೇಳಿದರು.

"ನಾನೇ, ಮರೆತೇಬಿಟ್ಟಿದ್ದೆ. ಎಲ್ಲರ ಜೊತೆ ನನ್ನ ಅಳತೆ ಬೇಡ, ಯಾರಾದ್ರೂ ಕೈಯಾಡಿಸ್ತಾರೆ ಅಂತ ನೀವೇ ಮಾಡಿಸ್ಕೊಂಡಿದ್ರಿ."

ಮಾಸ್ಟರ್ ಮುಖ ಸಪ್ಪಗಾಯಿತು. ಅವನನ್ನು ವಾಪಸ್ ಕರೆತನ್ನಿ ಎಂದು ಮೇಡಂ ಹೇಳಿದರು. ದಾರಿಯಲ್ಲಿ ಇವರು ಮನಸ್ಸು ಬದಲಾಯಿಸಿಯಾರೆಂಬ ಅನುಮಾನ ನನಗೂ ಬಂತು, ಜೊತೆಗೇ ಹೊರಟೆ.

ಮಾಸ್ಟರ್ ಮೊದಲು ತಮ್ಮ ಮನೆಗೇ ಹೋದರು. ಬಾಗಿಲು ತೆಗೆದ ಹೆಂಡತಿಯ ಕಣ್ಣು ಊದಿತ್ತು.

"ನಿನ್ ತಮ್ಮಂದು ಏನೂ ತಪ್ಪಿಲ್ಲ ಕಣೆ," ಮಾಸ್ಟರ್ ನೆಲ ನೋಡುತ್ತಾ ಹೇಳಿದರು. "ನಾಳೆಯಿಂದ ಬರ್ಲಿ. ನೀನೇ ಹೇಳು, ನಿನ್ ಮಾತು ಕೇಳ್ತಾನೆ."

ಅವಳು ಕೈಯಲ್ಲಿದ್ದ ಫೋನನ್ನು ಗಂಡನ ಮುಂದೆ ಹಿಡಿದಳು.

"ನಾನೇ ಬೆಳಿಗ್ಗೆ ಅವನಿಗೆ ಫೋನ್ ಮಾಡಿ, ಇನ್ನು ಈ ಹೊಸ್ತಿಲು ತುಳೀಬೇಡ ಅಂದೆ. ನೀವು ಹೇಳಿದ್ದನ್ನ ನಂಬಿದೆನಲ್ಲ. ಈಗ ನನ್ ಫೋನೂ ಎತ್ತುತ್ತಿಲ್ಲ."