ಸದರಿ ಸಾರ್ ಬರೆದ ಕಾದಂಬರಿ

ನನ್ನ ಸೋದರಮಾವನನ್ನು ಕಚೇರಿಯ ಸುತ್ತಮುತ್ತ ಎಲ್ಲರೂ ‘ಸದರಿ ಸಾರ್’ ಎಂದೇ ಕರೆಯುತ್ತಿದ್ದರು. ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತೊಂದು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅರ್ಜಿಯಲ್ಲಿ ಒಂದು ಸಲ ಹೇಳಿದ್ದು ಮುಂದಿನ ಸಾಲಿನಿಂದ ‘ಸದರಿ ಮನೆ’, ‘ಸದರಿ ಗೋಡೆ’, ‘ಸದರಿ ವ್ಯಕ್ತಿ’ ಆಗುತ್ತದಲ್ಲ, ಆ ಪದ ಅವರ ಬಾಯಿಮಾತಿಗೂ ಇಳಿದುಬಿಟ್ಟಿತ್ತು. ಮನೆಯಲ್ಲಿ ಕೇಳಿದ ಚಹಾ ತಡವಾದರೆ, ಸದರಿ ಚಹಾ ಏನಾಯಿತು ಎಂದು ವಿಚಾರಿಸುತ್ತಿದ್ದರು. ಪರಿಶೀಲನೆಯಲ್ಲಿದೆ ಎಂದು ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು.

ನಾನು ಹಳ್ಳಿಯಿಂದ ಕಾಲೇಜಿಗೆ ಬಂದು ಅವರ ಮನೆಯಲ್ಲಿದ್ದೆ. ಮಾವ ಒಂದು ಕಾದಂಬರಿ ಬರೆದಿದ್ದಾರೆಂದು ನನಗೆ ಗೊತ್ತಾದದ್ದು ಎರಡನೆಯ ವರ್ಷ, ಅದು ಮೂರನೆಯ ಪ್ರಕಾಶಕರಿಂದ ಹಿಂದಕ್ಕೆ ಬಂದಾಗ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಇಪ್ಪತ್ತು ವರ್ಷ ಮಾತು ಬಿಟ್ಟ ಅಕ್ಕತಂಗಿಯರ ಕಥೆ ಅದು. ಅಂಥ ಇಬ್ಬರು ನಿಜವಾಗಿಯೂ ಅವರ ಮೇಜಿಗೆ ಬಂದಿದ್ದರಂತೆ. ಬೆಳಿಗ್ಗೆ ಅಕ್ಕ, ಮಧ್ಯಾಹ್ನ ತಂಗಿ, ಒಬ್ಬರ ಮೇಲೆ ಒಬ್ಬರು ದೂರು ಕೊಡಲು.

“ಎರಡೂ ಅರ್ಜಿ ಬರೆದವನು ನಾನೇ. ಇಬ್ಬರು ಹೇಳಿದ್ದೂ ನಿಜ ಕಣೇ. ಅದನ್ನ ಯಾರಾದ್ರೂ ಒಂದೇ ಕಡೆ ಓದ್ಬೇಕು ಅನ್ನಿಸ್ತು,” ಎಂದರು ಮಾವ.

ಅದಕ್ಕಾಗಿ ಒಂಬತ್ತು ವರ್ಷ ಕೂತು ಬರೆದಿದ್ದರು. ಅಚ್ಚಾಗಬೇಕು ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ.

ಮೊದಲ ಇಬ್ಬರು ಪ್ರಕಾಶಕರು ಅಚ್ಚು ಹಾಕಿಸಿದ ನಿರಾಕರಣೆಯ ಚೀಟಿ ಇಟ್ಟು ಕೈತೊಳೆದುಕೊಂಡಿದ್ದರು. ಮೂರನೆಯವರು ಕೈಯಲ್ಲಿ ಬರೆದಿದ್ದರು: ‘ಕಥೆ ಮನಸ್ಸಿಗೆ ನಾಟಿತು. ಆದರೆ ಇದರಲ್ಲಿ ಯಾರೂ ಮಾತಾಡುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.’

ಮಾವ ಇದನ್ನು ಪ್ರಕಾಶಕರ ತಪ್ಪು ತಿಳಿವಳಿಕೆ ಎಂದುಕೊಂಡರು. ಮಾತು ಬಿಟ್ಟವರು ಮಾತಾಡುವುದಾದರೂ ಹೇಗೆ? ಹಾಗೆಂದು ವಿವರಿಸಿ, ಮೇಲೆ ವಿಷಯ, ಉಲ್ಲೇಖ ಎಲ್ಲ ಹಾಕಿ ಒಂದು ಪತ್ರವನ್ನೂ ಟೈಪ್ ಮಾಡಿದರು. ಅಂಚೆಗೆ ಹಾಕುವ ಮೊದಲು ನಾನೊಮ್ಮೆ ಕಾದಂಬರಿ ಓದುತ್ತೇನೆಂದು ಕೇಳಿ ತೆಗೆದುಕೊಂಡೆ.

ಕಥೆ ನಿಜಕ್ಕೂ ಚೆನ್ನಾಗಿತ್ತು. ಅರ್ಧ ದಾಟಿದ ಮೇಲೆ ತಂಗಿ ಜ್ವರ ಬಂದು ಮಲಗುತ್ತಾಳೆ. ಅಕ್ಕ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಹೊಸ್ತಿಲು ತುಳಿಯುತ್ತಾಳೆ. ನಾನು ಉಸಿರು ಬಿಗಿಹಿಡಿದು ಪುಟ ತಿರುವಿದೆ. ಅಕ್ಕ ಹೇಳುತ್ತಾಳೆ: ‘ಸದರಿ ಜ್ವರವು ಯಾವ ದಿನಾಂಕದಿಂದ ಇರುತ್ತದೆ ಎಂಬುದನ್ನು ತಿಳಿಯಪಡಿಸುವುದು.’

ನನಗೆ ನಗು ತಡೆಯಲಾಗಲಿಲ್ಲ. ಏನೆಂದು ನೋಡಲು ಬಂದ ಅತ್ತೆ ಹಾಳೆ ಕಸಿದುಕೊಂಡು ಗಟ್ಟಿಯಾಗಿ ಓದಿದರು. ಓದುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಾಗಿಲಲ್ಲಿ ಮಾವ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಅವರು ಒಳಗೆ ಬಂದರು. ಹಾಳೆಗಳನ್ನೆಲ್ಲ ಒಟ್ಟು ಮಾಡಿ ಅಂಚು ಸಮನಾಗಿ ತಟ್ಟಿ, ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು.

ಐದನೆಯ ದಿನ ಕಾಲೇಜು ಮುಗಿಸಿ, ಕ್ಷಮೆ ಕೇಳೋಣವೆಂದು ಅವರ ಮೇಜಿನ ಹತ್ತಿರ ಹೋದೆ. ಎದುರಿಗೆ ಒಬ್ಬ ಹೆಂಗಸು ಕೂತಿದ್ದರು. ನೀರಿನ ಬಿಲ್ಲನ್ನು ಗಂಡನ ಹೆಸರಿನಿಂದ ತಮ್ಮ ಹೆಸರಿಗೆ ಮಾಡಿಸಬೇಕಿತ್ತು.

“ಅವರು ಹೋಗಿ ಎರಡು ವರ್ಷ ಆಯ್ತು ಸಾರ್. ಬಿಲ್ಲಿನವನು ಇನ್ನೂ ಅವರ ಹೆಸರು ಹಿಡಿದೇ ಕೂಗ್ತಾನೆ. ಪ್ರತಿ ಸಲವೂ, ಇದ್ದಾರೆ ಬನ್ನಿ ಅಂತ ಬಾಯಿಗೆ ಬರುತ್ತೆ ನಂಗೆ.”

ಮಾವ ತಲೆಯಾಡಿಸಿ ಟೈಪ್ ಮಾಡಿದರು: ‘ಸದರಿಯವರು ಮರಣ ಹೊಂದಿದ್ದು, ಸಂಪರ್ಕವನ್ನು ನನ್ನ ಹೆಸರಿಗೆ ವರ್ಗಾಯಿಸಬೇಕಾಗಿ ಕೋರಿದೆ.’

ಆಕೆ ಸಹಿ ಹಾಕಿ ಹೋದ ಮೇಲೆ ನಾನು ಆ ಖಾಲಿ ಕುರ್ಚಿಯಲ್ಲಿ ಕೂತೆ.

“ಬಾಯಿಗೆ ಬರುತ್ತೆ ಅಂದ್ರಲ್ಲ ಮಾವ, ಅದೆಲ್ಲಿ ಹೋಯ್ತು?”

“ಅದನ್ನ ಹಾಕೋಕೆ ಬರಲ್ಲ. ಹಾಕಿದ್ರೆ ಅರ್ಜಿ ವಾಪಸ್ ಬರುತ್ತೆ.”

“ಕಾದಂಬರಿ ಅದನ್ನ ಹಾಕದೇ ಇರೋದಕ್ಕೆ ವಾಪಸ್ ಬರ್ತಿದೆ.”

ಹೇಳಿಬಿಟ್ಟೆ, ಆಮೇಲೆ ಹೆದರಿದೆ. ಮಾವ ಬೀದಿಯ ಕಡೆ ನೋಡಿದರು. ಆ ಹೆಂಗಸು ಇನ್ನೂ ರಸ್ತೆ ದಾಟಲು ಕಾಯುತ್ತಿದ್ದರು. ಮಾವ ಹೊಸ ಹಾಳೆ ಸಿಕ್ಕಿಸಿ ಆಕೆ ಆಡಿದ ಮಾತನ್ನು ಆಡಿದ ಹಾಗೆಯೇ ಟೈಪ್ ಮಾಡಿದರು. ಎರಡು ಸಲ ಕೈ ತಡವರಿಸಿತು. ಮೂವತ್ತೊಂದು ವರ್ಷ ಜನರ ಮಾತನ್ನು ನೆಟ್ಟಗೆ ಮಾಡಿಯೇ ಅಭ್ಯಾಸವಾದ ಕೈ ಅದು.

ಪೆಟ್ಟಿಗೆಯ ಬೀಗ ತೆಗೆದದ್ದು ಅಂದು ಸಂಜೆ. ಮಾವ ನೇರವಾಗಿ ಅತ್ತೆಯ ಹತ್ತಿರ ಹೋಗಿ, ನಕ್ಕಿದ್ದಕ್ಕೆ ದಂಡವೆಂದು ಭಾವಿಸಿ ಸಹಾಯ ಮಾಡಬೇಕೆಂದರು. ಅಂದಿನಿಂದ ಎಂಟು ತಿಂಗಳು ನಮ್ಮ ಮನೆಯಲ್ಲಿ ಅದೇ ಕೆಲಸ. ಮಾವ ಸಂದರ್ಭ ಹೇಳುವುದು, ಅತ್ತೆ ಅಕ್ಕನಾಗಿ, ನಾನು ತಂಗಿಯಾಗಿ ಮಾತಾಡುವುದು, ಮಾವ ಟೈಪ್ ಮಾಡುವುದು. ಅತ್ತೆಗೆ ಜಗಳದ ಭಾಗಗಳೆಂದರೆ ಎಲ್ಲಿಲ್ಲದ ಹುರುಪು. ತಂಗಿಯನ್ನು ಬೈಯುತ್ತ ಬೈಯುತ್ತ ದಾರಿ ತಪ್ಪಿ, ಬಚ್ಚಲ ನಲ್ಲಿ ಸೋರಲು ಶುರುವಾಗಿ ಎಷ್ಟು ದಿನವಾಯಿತೆಂದು ಮಾವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮಾವ ಅದನ್ನೂ ಟೈಪ್ ಮಾಡಿದರು. ನಲ್ಲಿ ಮಾತ್ರ ಹಾಗೆಯೇ ಸೋರುತ್ತಿತ್ತು.

ಹೊಸ್ತಿಲಿನ ಪ್ರಸಂಗ ಬಂದ ದಿನ ಅತ್ತೆ ಕೈಯಲ್ಲಿದ್ದ ಬಟ್ಟೆ ಮಡಚಿ ಪಕ್ಕಕ್ಕಿಟ್ಟರು. ನಾನು ಚಾಪೆಯ ಮೇಲೆ ಜ್ವರದವಳಂತೆ ಮಲಗಿದ್ದೆ. ಅತ್ತೆ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು:

“ಗೋಡೆ ತಟ್ಟೋಕೆ ಏನಾಗಿತ್ತೇ ನಿಂಗೆ?”

ಅಷ್ಟೇ. ಟೈಪ್‌ರೈಟರಿನ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಮಾವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂಬತ್ತು ವರ್ಷ ಆ ಒಂದು ಸಾಲು ಸಿಗದೆ ಸುತ್ತು ಹೊಡೆದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಹಾಳೆಗಳ ಕಟ್ಟು ಮತ್ತೆ ಮೂರನೆಯ ಪ್ರಕಾಶಕರಿಗೇ ಹೋಯಿತು. ಐದು ತಿಂಗಳ ಮೇಲೆ ಉತ್ತರ ಬಂತು. ಕಟ್ಟು ವಾಪಸ್ ಬಂದಿರಲಿಲ್ಲ, ಬರೀ ಲಕೋಟೆ. ಮಾವ ನಿಂತಲ್ಲೇ ಓದಿದರು. ತಿರುಗಿಸಿ ಖಾಲಿ ಹಿಂಬದಿಯನ್ನೂ ನೋಡಿದರು. ಏನಂತೆ ಎಂದು ಅತ್ತೆ ಕೇಳಿದರೆ ಕಾಗದವನ್ನೇ ಅವರ ಕೈಗಿತ್ತರು.

ಅತ್ತೆ ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದರು.

“ಬರೋ ವರ್ಷ ಅಚ್ಚು ಹಾಕ್ತಾರಂತೆ. ಅಷ್ಟರಲ್ಲಿ ನಿಮ್ಮ ಕನ್ನಡಕ ಬದಲಾಯಿಸ್ಕೊಳ್ಳಿ. ಪುಸ್ತಕದ ಅಕ್ಷರ ಸಣ್ಣದಿರುತ್ತೆ.”

ಮಾವ ಹೂಂ ಎಂದರು. ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಮೇಜಿಗೆ ‘ಇವತ್ತು ಇಲ್ಲ, ನಾಳೆ ಬನ್ನಿ’ ಎಂದು ಚೀಟಿ ಅಂಟಿಸಿ, ಇಬ್ಬರೂ ಕನ್ನಡಕದ ಅಂಗಡಿಗೆ ಹೋದರು.