ತಗಡಿನ ಆಚೆಯ ಮಾಮಿ

ಕಳೆದ ವಾರ ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ತಗಡಿನ ಮಾಡು ಹಾಕಿಸುತ್ತಿದ್ದೆವು. ನಾನಿದ್ದೆ, ನಾದಿನಿ ಇದ್ದಳು, ರಜೆಯಲ್ಲಿ ಮನೆಗೆ ಬಂದಿದ್ದ ಮಗಳು ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ತಗಡು ಇಳಿಸಲು ಬಂದಿದ್ದವರು ಇಬ್ಬರು. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡನ್ನು ಮುಟ್ಟಲಾಗದೆ ಅವರಲ್ಲೊಬ್ಬ ಅದರ ಮೇಲೆ ಒಂದು ಚೆಂಬು ನೀರು ಸುರಿದ. ಚುಂಯ್ ಎಂದು ಹಬೆ ಎದ್ದಿತು. ಕಾದ ಕಬ್ಬಿಣ, ಧೂಳು, ತುಕ್ಕು ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಅತ್ತಿಗೆ, ಮುಖ ಕೆಂಪಾಯ್ತಲ್ಲ?" ಎಂದು ನಾದಿನಿ ಕೇಳಿದಳು. ಬಿಸಿಲು ಅಂದೆ. ಬಿಸಿಲಲ್ಲ... ಸೌದಿಯ ಖತೀಫಿನಲ್ಲಿ ನಮ್ಮ ಬಾಜುಮನೆಯಲ್ಲಿದ್ದ ಮಾಮಿ.

ಮಗಳಿನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ ನಾನು ಅಲ್ಲಿಗೆ ಹೋದದ್ದು. ನಮ್ಮ ಮನೆಯವರಿಗೆ ದಮ್ಮಾಮಿನ ಒಂದು ಕಂಪೆನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬಾಡಿಗೆ ಕಡಿಮೆ ಎಂದು ಖತೀಫಿನ ಹಳೆಯ ಮನೆಯೊಂದರ ಅರ್ಧ ಭಾಗ ಹಿಡಿದಿದ್ದರು. ಇನ್ನರ್ಧದಲ್ಲಿ ಭಟ್ಕಳದ ಒಂದು ಕುಟುಂಬ. ಆ ಮನೆಯನ್ನು ನಮಗೆ ಕೊಡಿಸಿದ್ದೇ ಅವರು. ಮಾಮಿಯ ಗಂಡ ತಲೆತಲಾಂತರದ ಜವಳಿ ವ್ಯಾಪಾರದವರು, ಮನೆಯ ಅರಬಿ ಮಾಲಕನಿಗೆ ಬೇಕಾದವರು. ಈ ಉಪಕಾರವೇ ಮುಂದೆ ನಮ್ಮ ಬಾಯಿಗೆ ಬೀಗವಾಯಿತು.

ಮನೆಯ ಹಿಂದೆ ಎತ್ತರದ ಗೋಡೆಯೊಳಗೆ ಒಂದು ತೆರೆದ ಅಂಗಳ. ಅಲ್ಲಿಯವರು ಹೋಶ್ ಅನ್ನುತ್ತಾರೆ. ನಡುವೆ ಆಳೆತ್ತರದ ತಗಡು ನಿಲ್ಲಿಸಿ ಅದನ್ನು ಎರಡು ಮಾಡಿದ್ದರು. ನಮ್ಮ ಪಾಲು ಸ್ವಲ್ಪ ದೊಡ್ಡದು. ಊರಲ್ಲಿ ಅಂಗಳದ ಬೆಲೆ ನನಗೇನು ಗೊತ್ತಿತ್ತು? ಅಲ್ಲಿ ಗೊತ್ತಾಯಿತು. ಬಾಗಿಲು ದಾಟಬೇಕಾದರೆ ಬುರ್ಖಾ, ಮಾರ್ಕೆಟಿಗೆ ಹೋಗಬೇಕಾದರೆ ಗಂಡನ ರಜಾದಿನ. ಹೆಂಗಸರು ಕಾರು ಓಡಿಸುವಂತಿರಲಿಲ್ಲ ಆಗ. ತಲೆಗೂದಲು ಬಿಚ್ಚಿಕೊಂಡು, ಆಕಾಶ ನೋಡುತ್ತ ಕೂರಲು ನನಗೆ ಇಡೀ ಸೌದಿಯಲ್ಲಿ ಇದ್ದದ್ದು ಆ ಹೋಶ್ ಒಂದೇ. ಅದರಲ್ಲೂ ಚಳಿಗಾಲದಲ್ಲಿ ಮನೆಯ ನೆರಳು ತಪ್ಪಿ ಬಿಸಿಲು ಬೀಳುತ್ತಿದ್ದದ್ದು ತಗಡಿನ ಬುಡದ ಪಟ್ಟಿಗೆ ಮಾತ್ರ. ಅಲ್ಲಿ ನನ್ನ ಮಡಚುವ ಮಂಚ. ಅದರ ಮೇಲೆ ಕೂತೇ ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ, ತಾಯಿಗೆ ಫೋನ್ ಮಾಡುತ್ತಿದ್ದೆ, ಅಳು ಬಂದರೆ ಅಳುತ್ತಿದ್ದೆ.

ಮಾಮಿ ಕೆಟ್ಟವರಾಗಿದ್ದರೆ ಕಥೆ ಸುಲಭವಿತ್ತು. ನಾನು ಹೋದ ಹೊಸದರಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕುಡಿಸಿದವರು ಅವರು. ತಗಡಿನ ಮೇಲಿನಿಂದ ಬಳೆ ತುಂಬಿದ ಒಂದು ಕೈ ಬರುತ್ತಿತ್ತು, ಕೈಯಲ್ಲಿ ಶ್ಯಾವಿಗೆ ಬಿರಿಯಾನಿಯ ಬಟ್ಟಲು. "ಹುಡುಗೀ, ಹಿಡ್ಕೋ, ಸುಡ್ತದೆ!" ನಾನು ಅಕ್ಕಿಯ ಪುಂಡಿ ಮಾಡಿದ ದಿನ ಅದೇ ಬಟ್ಟಲು ಆಚೆಗೆ ಹೋಗುತ್ತಿತ್ತು. ಅವರ ಮನೆಮಾತು ನವಾಯತಿ, ನಮ್ಮದು ಬ್ಯಾರಿ. ಇಬ್ಬರ ನಡುವೆ ಪ್ರೀತಿಗೆ ಇದ್ದದ್ದು ಕನ್ನಡ. ಆಮೇಲೆ ಜಗಳಕ್ಕೂ ಅದೇ ಆಯಿತು.

ಒಂದು ವರ್ಷ ಮನೆಯವರ ರಜೆಗೆ ನಾವು ಊರಿಗೆ ಬಂದೆವು. ಬೀಗದ ಕೈ ಯಾರಿಗೆ ಕೊಡುವುದು? ಮಾಮಿಗೆ. ಗಿಡಕ್ಕೆ ನೀರು ಹಾಕಿ ಮಾಮಿ, ಎಂದು ಅವರ ಕೈಯೊಳಗೇ ಇಟ್ಟು ಬಂದೆ. ತಿರುಗಿ ಹೋಗಿ ಹಿಂಬಾಗಿಲು ತೆರೆದು ನೋಡಿದರೆ ತಗಡು ನಮ್ಮ ಕಡೆಗೆ ನಡೆದು ಬಂದಿತ್ತು! ಒಂದು ಗೇಣಲ್ಲ, ನನ್ನ ಮಂಚದ ಅಗಲಕ್ಕಿಂತ ಹೆಚ್ಚು. ಮಂಚವನ್ನು ಮಡಚಿ ನೀರಿನ ಟ್ಯಾಂಕಿಗೆ ಒರಗಿಸಿದ್ದರು. ಗಿಡಗಳಿಗೆ ಮಾತ್ರ ತಪ್ಪದೆ ನೀರು ಹಾಕಿದ್ದರು... ಅದು ಇನ್ನೂ ಉರಿಸಿತು. ನಾನು ನಂಬಿ ಕೊಟ್ಟ ಬೀಗದ ಕೈಯಿಂದಲೇ ಒಳಗೆ ಬಂದು ನನ್ನ ಬಿಸಿಲನ್ನು ಕದ್ದಿದ್ದರು.

"ಮಾಮಿ, ಇದೆಂತ?" ಎಂದು ತಗಡಿಗೆ ಬಡಿದು ಕೇಳಿದೆ.

"ಓ, ಬಂದ್ಯಾ? ಗಾಳಿಗೆ ಬಿದ್ದಿತ್ತು ಮಾರಾಯ್ತಿ, ಮತ್ತೆ ನಿಲ್ಲಿಸಿದ್ದು."

"ಗಾಳಿಗೆ ಬಿದ್ದ ತಗಡು ನೋಡಿ ನೋಡಿ ನನ್ನ ಕಡೆಗೇ ಬಂತಾ?"

ಆ ಕಡೆ ಬಳೆ ಸದ್ದಾಯಿತು. "ನನ್ನ ಮೊಣಕಾಲಿಗೆ ಬಿಸಿಲು ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ನಿನಗೆಂತ, ಎಳೇ ಪ್ರಾಯ" ಅಂದರು.

ಕೇಳಿದ್ದರೆ ಕೊಡುತ್ತಿರಲಿಲ್ಲವೇ ನಾನು? ದಿನಾ ಬಂದು ನನ್ನ ಮಂಚದ ಮೇಲೇ ಕಾಲು ಚಾಚಿ ಕೂರಬಹುದಿತ್ತು. ಕೇಳಲಿಲ್ಲ. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಮನೆಯವರಿಗೆ ಹೇಳಿದೆ. ಮೊದಲು, "ತಗಡಿಗೆಲ್ಲ ಜಗಳವಾ ಮಾರಾಯ್ತಿ, ಮನೆ ಕೊಡಿಸಿದವರು ಅವರು" ಎಂದರು. ನಾನು ಬಿಡಲಿಲ್ಲ. ಕೊನೆಗೆ ಟೇಪು ಹಿಡಿದು ಹೊರಟರು. ಹೊರಟು ಎಲ್ಲಿಗೆ? ನಮ್ಮಿಂದ ಹೋದ ಜಾಗ ಈಗ ಮಾಮಿಯ ಹೋಶಿನೊಳಗೆ. ಮಾಮಿಯ ಸೊಸೆಯಂದಿರು ತಲೆಗೆ ಬಟ್ಟೆಯಿಲ್ಲದೆ ಓಡಾಡುವ ಜಾಗಕ್ಕೆ ಪರಗಂಡಸು ಕಾಲಿಡುವುದುಂಟೇ? ನಾನಿರುವ ಕಡೆಗೆ ಮಾಮಿಯ ಗಂಡನೂ ಬರುವಂತಿಲ್ಲ. ಮಾಲಕನ ಕಡೆಯ ಹಾರಿಸ್, ಎಂದರೆ ಕಾವಲುಗಾರ, ಹೊರಗೆ ನಿಂತು ಕೆಮ್ಮಿದ, ಹೆಂಗಸರಿದ್ದಾರೆ ಎಂದು ತಿಳಿದು ಹಾಗೇ ಹಿಂದೆ ಹೋದ. ಗಂಡಸರಿಬ್ಬರು ಬೀದಿಯಲ್ಲಿ ನಿಂತು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. "ಇನ್ಶಾ ಅಲ್ಲಾ, ನೋಡುವ" ಅಂದರು. ಮೂಲೆಯ ಹೋಟೆಲಿನಲ್ಲಿ ಚಹಾ ಕುಡಿದರು. ಟೇಪು ಮಡಚಿದ ಹಾಗೆಯೇ ಮನೆಗೆ ಬಂತು. ಜಾಗ ಹೆಂಗಸರದ್ದು, ಅಳೆಯುವ ಅಧಿಕಾರ ಗಂಡಸರದ್ದು, ಅಳೆಯಲು ಅವರು ಬರುವಂತಿಲ್ಲ! ಇದನ್ನು ಯಾವ ಕೋರ್ಟಿಗೆ ಒಯ್ಯುವುದು?

ಆಗ ರಂಜಾನ್ ಬಂತು. ಪ್ರತಿ ವರ್ಷ ರಾತ್ರಿಯ ಇಶಾ ನಮಾಜು ಆದ ಮೇಲೆ ಸುತ್ತಲಿನ ನಮ್ಮ ಕಡೆಯ ಹೆಂಗಸರು ತರಾವೀಹ್ ನಮಾಜಿಗೆ ನಮ್ಮ ಹೋಶಿಗೇ ಬರುತ್ತಿದ್ದರು. ನಮ್ಮ ಪಾಲೇ ದೊಡ್ಡದಲ್ಲವೇ! ಕುರ್‌ಆನ್ ಬಾಯಿಪಾಠವಿದ್ದ ಮಾಮಿಯ ಕಿರಿಸೊಸೆ ಸಾಲಿನ ನಡುವೆ ನಿಂತು ಓದಿಸುವುದು. ಭುಜಕ್ಕೆ ಭುಜ ತಾಗಿಸಿ, ನಡುವೆ ಸಂದಿಯಿಲ್ಲದೆ, ಗೋಡೆಯಿಂದ ತಗಡಿನವರೆಗೆ ಒಂದೇ ಸಾಲು. ಹಿಂದೆಯೇ ದೊಡ್ಡ ನೀರಿನ ಟ್ಯಾಂಕು, ಹಾಗಾಗಿ ಎರಡನೆಯ ಸಾಲಿಗೆ ಎಡೆಯಿಲ್ಲ. ಆ ವರ್ಷವೂ ಎಲ್ಲರೂ ಬಂದರು, ಚಾಪೆ ಹಾಸಿದರು, ನಿಂತರು. ಮಂಡಿನೋವಿನ ಮಾಮಿ ನಿಧಾನವಾಗಿ, ಎಲ್ಲರಿಗಿಂತ ಕೊನೆಗೆ ಬಂದರು. ಸಾಲು ತಗಡಿಗೆ ಮುಟ್ಟಿ ಮುಗಿದಿತ್ತು. ಸರಿಯಿರಿ, ಸರಿಯಿರಿ ಎಂದು ಸಾಲಿನವರು ಪಿಸುಗುಟ್ಟಿದರು. ಸರಿಯಲು ಜಾಗ ಎಲ್ಲಿ? ಮಾಮಿ ತನ್ನ ಚಾಪೆ ಕಂಕುಳಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಒಬ್ಬೊಬ್ಬರೇ ತಗಡನ್ನು ನೋಡಿದರು, ಆಮೇಲೆ ಮಾಮಿಯನ್ನು. ಅಲ್ಲಾಹನ ಎದುರೇ ಅಳತೆ ಆಗಿಹೋಯಿತಲ್ಲ ಎಂದು ನನ್ನ ಎದೆ ತಣ್ಣಗಾಯಿತು. ಈಗಲಾದರೂ ನಾಚುತ್ತಾರೆ ಎಂದುಕೊಂಡೆ.

ನಾಚಿದರೇ? "ಇಲ್ಲಿ ಇಕ್ಕಟ್ಟಾಯ್ತು. ನಾಳೆಯಿಂದ ಎಲ್ಲರೂ ನಮ್ಮ ಕಡೆಗೆ ಬನ್ನಿ, ಅಲ್ಲಿ ಬೇಕಾದಷ್ಟು ಜಾಗ ಉಂಟು" ಎಂದರು! ನನ್ನ ಕಡೆ ತಿರುಗಿ, "ನೀನೂ ಬಾ ಹುಡುಗೀ, ನಾನು ಬೇಡ ಅಂತೇನಾ?"

ನನ್ನ ಜಾಗಕ್ಕೆ ನನ್ನನ್ನೇ ಅತಿಥಿಯಾಗಿ ಕರೆದರು. ಈ ಒಂದು ಮಾತನ್ನು ನಾನು ಅವರಿಗೆ ಯಾವತ್ತೂ ಕ್ಷಮಿಸಲಿಲ್ಲ.

ಮರುದಿನ ಎಲ್ಲರೂ ಆ ಕಡೆಗೆ ಹೋದರು. ಅವರನ್ನು ದೂರಿ ಫಲವಿಲ್ಲ, ನಮಾಜಿಗೆ ಜಾಗ ಬೇಕು. ನಾನು ಹೋಗಲಿಲ್ಲ. ನಮ್ಮ ಕಡೆ ಒಬ್ಬಳೇ ಚಾಪೆ ಹಾಸಿ ತಗಡಿಗೆ ತಾಗಿ ನಿಂತೆ. ಕಿರಿಸೊಸೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನೇ ಹಿಡಿದು ಬಾಗಿದೆ, ಅದನ್ನೇ ಹಿಡಿದು ಎದ್ದೆ. ಸಾಲಿನ ಈ ತುದಿಯಲ್ಲಿ ಯಾರೋ ತಗಡಿಗೆ ಒರಗಿಯೇ ನಿಂತಿದ್ದರು. ಪ್ರತಿ ಸಲ ಏಳುವಾಗ ಮಂಡಿಯ ನೋವಿಗೆ ಅವರು ತಗಡನ್ನು ಹಿಡಿದು ಏಳುವುದು, ತಗಡು ನನ್ನ ಭುಜಕ್ಕೆ ಬಡಿಯುವುದು. ಬಳೆಯ ಸದ್ದು ಗೊತ್ತಿಲ್ಲವೇ ನನಗೆ... ಇಡೀ ತಿಂಗಳು ಹಾಗೆಯೇ ನಡೆಯಿತು. ಹಬ್ಬದ ದಿನ ತಗಡಿನ ಮೇಲಿಂದ ಬಟ್ಟಲು ಬಂತು. ಮಗಳ ಕೈಯಲ್ಲಿ ತೆಗೆಸಿಕೊಂಡೆ. ನಾನು ಮುಟ್ಟಲಿಲ್ಲ. ಬಟ್ಟಲನ್ನು ತೊಳೆದು ಖಾಲಿಯಾಗಿ ವಾಪಸು ಕಳಿಸಿದೆ.

ಕುಟುಂಬದವರ ತಲೆಗಿಷ್ಟು ಎಂದು ಇಕಾಮಾಕ್ಕೆ, ಎಂದರೆ ಅಲ್ಲಿ ಇರುವ ಪರವಾನಗಿಗೆ, ಹೊಸ ಶುಲ್ಕ ಬಂದಾಗ ನಮ್ಮಂಥವರೆಲ್ಲ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಹೊರಡುವ ಬೆಳಿಗ್ಗೆ ಮಾಮಿ ಬಂದು ಮಗಳನ್ನು ಅಪ್ಪಿ ಅತ್ತರು. ನನ್ನ ತಲೆಯ ಮೇಲೂ ಕೈ ಇಟ್ಟರು. ತಗಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. ಹೋಗುವ ಮುಂಚೆ ಒಂದು ಸಲವಾದರೂ, ತಪ್ಪಾಯ್ತು ಹುಡುಗೀ ಎಂದು ಅವರ ಬಾಯಿಂದ ಹೇಳಿಸಬೇಕಿತ್ತು. ಈಗ ಯಾರಿಂದ ಹೇಳಿಸಲಿ? ಜಗಳವಾಡಲಿಕ್ಕೂ ಎದುರಿಗೆ ಒಬ್ಬರು ಇರಬೇಕಲ್ಲ.

ಹಿತ್ತಿಲಿನ ತಗಡು ಸಂಜೆಗೆ ತಣ್ಣಗಾಯಿತು. ಮಾಡು ಹಾಕಿ ಕೆಲಸದವರು ಹೋದರು. ಮಗಳಿಗೆ ಮಾಮಿಯ ಬಳೆ ಮಾತ್ರ ನೆನಪಿದೆಯಂತೆ.

ನಾವು ಬಂದ ಮರುವರ್ಷ ಮಾಮಿ ತೀರಿಕೊಂಡರು. ಮನೆಯವರು ಆಗ ಇನ್ನೂ ಅಲ್ಲಿಯೇ, ದಮ್ಮಾಮಿನ ಒಂದು ರೂಮಿನಲ್ಲಿದ್ದರು. ಮಣ್ಣು ಮಾಡಲು ಹೋಗಿ ಬಂದು ಫೋನ್ ಮಾಡಿದರು. ನಮ್ಮ ಪಾಲಿನ ಮನೆಗೆ ಯಾರೂ ಬಂದಿರಲಿಲ್ಲ, ಖಾಲಿಯೇ ಬಿದ್ದಿತ್ತು. ನೋಡಲು ಬಂದ ಹೆಂಗಸರಿಗೆ ಕೂರಲು ಜಾಗ ಸಾಲದೆ, ಸೊಸೆಯಂದಿರು ನಡುವಿನ ತಗಡನ್ನು ಕಿತ್ತು ಗೋಡೆಗೆ ಒರಗಿಸಿ, ಗೋಡೆಯಿಂದ ಗೋಡೆಗೆ ಚಾಪೆ ಹಾಸಿದರಂತೆ.