ಆಪಾ ಇಡುತ್ತಿದ್ದ ಕೆಂಪು ಚುಕ್ಕೆ

ಇದನ್ನು ಹೇಳಬೇಕು ಎಂದುಕೊಳ್ಳುತ್ತಲೇ ಮುಂದೂಡುತ್ತಾ ಬಂದೆ. ಮೊನ್ನೆ ತುಮಕೂರಿನ ಬಟವಾಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕಾಯುತ್ತಿದ್ದಾಗ ಕರಗಿದ ಸೀಸದ, ಸುಟ್ಟ ರಾಳದ ವಾಸನೆ ಬಂತು. ರಸ್ತೆಯ ಆಟೋ ಸದ್ದೆಲ್ಲ ದೂರ ಸರಿದು, ಪಕ್ಕದಲ್ಲಿ ಆಪಾ ಕೂತಿದ್ದಾರೆ ಅನ್ನಿಸಿತು...

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಹೊರಗೆ ಟಿ.ವಿ. ತಯಾರಿಸುವ ದೊಡ್ಡ ಕಂಪನಿಯೊಂದು ಬಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು ಗುಬ್ಬಿಯಿಂದ ಬರುತ್ತಿದ್ದೆ, ಆಪಾ ಕುಣಿಗಲ್ಲಿನಿಂದ. ಬೋರ್ಡುಗಳಿಗೆ ಬೆಸುಗೆ ಹಾಕುವ ಸಾಲಿನಲ್ಲಿ ನಮ್ಮದು ಅಕ್ಕಪಕ್ಕದ ಬೆಂಚು. ಗಂಡನನ್ನು ಕಳೆದುಕೊಂಡು ಮಗಳನ್ನು ಸಾಕುತ್ತಿದ್ದ ಅವರು ನಮಗೆಲ್ಲ ಅಕ್ಕನಂತಿದ್ದರು. ಅದಕ್ಕೇ ಆಪಾ.

"ಏನ್ಲಾ ಗುಬ್ಬಿ, ಹಾರ್ಕೊಂಡೇ ಬಂದ್ಯಾ? ಪುಕ್ಕ ಎಲ್ಲ ಕೆದರೈತೆ!" ಎಂದು ನನ್ನ ತಲೆಗೂದಲನ್ನು ನೋಡಿ ನಗುತ್ತಿದ್ದರು.

ಎದುರಿನ ಗಾಜಿನ ಕೋಣೆಯಲ್ಲಿ ಟಿ.ವಿ.ಗಳ ಸಾಲು. ಚಿತ್ರವಿಲ್ಲ, ಬರೀ ಬಿಳಿ ಚುಕ್ಕೆಗಳ ಮಳೆ. ಆ ನೀಲಿ ಬೆಳಕಿನಲ್ಲಿ, ಬೆಸುಗೆಯ ಹೊಗೆಯಲ್ಲಿ, ಕೆರೆಯ ತಳದಲ್ಲಿ ಕೂತು ಕೆಲಸ ಮಾಡಿದಂತೆ ಇರುತ್ತಿತ್ತು...

ಮುಗಿಸಿದ ಬೋರ್ಡಿನ ಮೂಲೆಗೆ ಅವರವರ ಬಣ್ಣದ ಚುಕ್ಕೆ ಇಡಬೇಕಿತ್ತು. ಆಪಾದು ಕೆಂಪು, ನನ್ನದು ಹಸಿರು. ಬೆಸುಗೆ ಬಿಟ್ಟರೆ ಯಾರ ಕೈಯದೆಂದು ಚುಕ್ಕೆಯೇ ಹೇಳುತ್ತಿತ್ತು. ಆದರೆ ನಮ್ಮೊಳಗೆ ಒಂದು ಕಳ್ಳ ರೂಢಿಯಿತ್ತು. ಪಕ್ಕದವರು ಎದ್ದು ಹೋದರೆ ಅವರ ಪಾಲಿನ ಕೆಲಸ ಮಾಡಿ, ಅವರದೇ ಬಣ್ಣ ಇಡುವುದು. ನನಗೆ ಜ್ವರ ಬಂದಾಗ ಆಪಾ ಎಷ್ಟೋ ಹಸಿರು ಚುಕ್ಕೆ ಇಟ್ಟಿದ್ದರು.

ಒಂದು ಮಧ್ಯಾಹ್ನ ಮಗಳಿಗೆ ಹುಷಾರಿಲ್ಲವೆಂದು ಹೇಳಲು ಅವರ ಅಣ್ಣ ಗೇಟಿಗೆ ಬಂದಿದ್ದ. ಆಪಾ ಅತ್ತ ಹೋದರು. ನಾನು ಅವರ ಬೋರ್ಡುಗಳನ್ನು ಎಳೆದುಕೊಂಡೆ. ಅವಸರ, ಬೆಸುಗೆ ಸರಿಯಾಗಿ ಹಿಡಿಯಲಿಲ್ಲ. ನನ್ನ ಬೆಂಕಿಕಡ್ಡಿಯನ್ನೇ ಅದ್ದಿ ಕೆಂಪು ಚುಕ್ಕೆ ಮಾತ್ರ ಮರೆಯದೆ ಇಟ್ಟೆ.

ಮರುದಿನ ಗಾಜಿನ ಕೋಣೆಯಲ್ಲಿ ಆ ಬೋರ್ಡುಗಳಿದ್ದ ಟಿ.ವಿ.ಗಳು ಒಂದೊಂದಾಗಿ ಕಪ್ಪಾದವು. ನಮ್ಮಲ್ಲಿ ಯಾರನ್ನು ಖಾಯಂ ಮಾಡುವುದೆಂದು ತೀರ್ಮಾನವಾಗುತ್ತಿದ್ದ ವಾರ ಅದು. ಸೂಪರ್‌ವೈಸರು ಆಪಾರ ಪೂರ್ತಿ ಹೆಸರು ಹಿಡಿದು ಕೂಗಿದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಪಾ ಎದ್ದರು. ಬೋರ್ಡು ನೋಡಿದರು, ಆಮೇಲೆ ನನ್ನನ್ನು. ಕಾದರು. "ನಂದು ಸಾರ್" ಎಂದರೆ ಸಾಕಿತ್ತು. ನಾನು ತಲೆ ತಗ್ಗಿಸಿ ಕೂತೆ.

ಸಂಜೆ ಅವರನ್ನು ಕೆಲಸದಿಂದ ಬಿಡಿಸಿದರು. ಹೊರಡುವಾಗ, ತಾವು ಚುಕ್ಕೆ ಇಡುತ್ತಿದ್ದ ತೆಂಗಿನ ಕಡ್ಡಿಯನ್ನು ನನ್ನ ಕೈಗಿಟ್ಟರು. "ನಿನ್ನ ಬೆಂಕಿಕಡ್ಡಿ ದಪ್ಪ ಕಣೋ. ಚುಕ್ಕೆ ಹರಡ್ಕೊಳ್ತದೆ. ಇದ್ರಲ್ಲಿ ಇಡು."

ಅಷ್ಟೇ... ಬೋರ್ಡು ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು.

ನಾನು ಖಾಯಂ ಆದೆ. ಬೋನಸ್ಸು, ಸ್ಕೂಟರು, ಕಡೆಗೆ ಸೂಪರ್‌ವೈಸರ್ ಕುರ್ಚಿಯೂ ಬಂತು. ಮುಂದೆ ಬಣ್ಣದ ಟಿ.ವಿ.ಗಳ ಕಾಲ ಬಂದು, ನಮ್ಮ ಕಪ್ಪುಬಿಳುಪಿನವು ಗೋಡೌನಿನಲ್ಲಿ ಧೂಳು ಹಿಡಿದವು. ಆ ದಶಕ ಮುಗಿಯುವ ಮುನ್ನವೇ ಗೇಟಿಗೆ ಬೀಗ ಬಿತ್ತು. ಖಾಯಂ ಎಂಬುದೂ ಅಷ್ಟಕ್ಕೇ ಮುಗಿಯಿತು.

ಕುಣಿಗಲ್ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹೋದೆ. ಕಿಟಕಿಯಾಚೆ ಕೆರೆ ಹೊಳೆಯುತ್ತಿತ್ತು. ಇಳಿಯಲಿಲ್ಲ. ಆಪಾ ತೀರಿಕೊಂಡರೆಂಬ ಸುದ್ದಿ ತಡವಾಗಿ ತಿಳಿಯಿತು.

ರಿಪೇರಿ ಅಂಗಡಿಯಲ್ಲಿ "ಯಜಮಾನ್ರೇ, ನಿಮ್ದು ಆಯ್ತು" ಎಂದು ಕೂಗಿದಾಗ ಗಡಬಡಿಸಿ ಎದ್ದು ನಿಂತೆ. ಏಳಬೇಕಾಗಿದ್ದದ್ದು ಅಂದು, ಆ ಹೆಸರು ಕೂಗಿದಾಗ.

ಖಮರುನ್ನೀಸಾ.